ಬೈಸಿಕಲ್ ಚೌಕಟ್ಟಿನ ನಿರ್ಮಾಣ: ನಿವೃತ್ತರ ಹವ್ಯಾಸ ಮತ್ತು ಆರೋಗ್ಯ

ನಿವೃತ್ತರಿಗೆ ಬಿಡುವು ವರವೂ ಹೌದು, ಭಾರವೂ ಹೌದು. ಇಂಗ್ಲೆಂಡ್, ಅಮೆರಿಕಗಳಲ್ಲಿ ಮನೆಯ ಹಿಂಬದಿಯ ಚಿಕ್ಕ ಕಾರ್ಯಾಗಾರದಲ್ಲಿ ಬೈಸಿಕಲ್ ಚೌಕಟ್ಟುಗಳನ್ನು ಕಟ್ಟುತ್ತ ಈ ಬಿಡುವನ್ನು ಸಾರ್ಥಕಗೊಳಿಸುವ ಹಿರಿಯರಿದ್ದಾರೆ. ಕೈ, ಕಣ್ಣು, ಬುದ್ಧಿಗಳಿಗೆ ಏಕಕಾಲದಲ್ಲಿ ವ್ಯಾಯಾಮ ನೀಡುವ ಈ ಹವ್ಯಾಸವು ಸ್ತುತ್ಯವಾದುದೇ. ಆದರೆ ಚೌಕಟ್ಟಿನ ಬಾಳಿಕೆಯೂ ಕಟ್ಟುವವರ ಆರೋಗ್ಯವೂ ಇಲ್ಲಿ ಮುಖ್ಯವಾಗಿ ಒಂದೇ ಸಂಗತಿಯನ್ನು ಅವಲಂಬಿಸಿವೆ. ಅದುವೇ ಶಾಖದ ಹದ.

ಅಳತೆಗೆ ತಕ್ಕ ಚೌಕಟ್ಟಿನಿಂದ ಪ್ರಯೋಜನ ಅಧಿಕ. ಸೊಂಟ ಬಿಗಿದವರು ಕಾಲನ್ನು ಹೆಚ್ಚು ಎತ್ತದೆ ಏರುವಂತೆ ಮೇಲಿನ ಕೊಳವೆಯನ್ನು ತಗ್ಗಿಸಬಹುದು. ಬೆನ್ನು ಬಾಗಿಸಲಾರದವರಿಗಾಗಿ ಹಿಡಿಕೆಯನ್ನು ಎತ್ತರಿಸಬಹುದು.

ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುವ ಉಕ್ಕಿನ ಕೊಳವೆಗೆ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಪೇಟೆಂಟ್ ಪಡೆದರು. ಅದೇ ಸಂಸ್ಥೆಯ ಪ್ರಸಿದ್ಧವಾದ 531 ಕೊಳವೆ 1935ರಲ್ಲಿ ಬಂದಿತು. ಇಂತಹ ಕೊಳವೆಗಳ ತುದಿಗಳನ್ನು ಲಗ್ ಎಂಬ ಉಕ್ಕಿನ ಕವಚದೊಳಗೆ ಸೇರಿಸಿ, ಫ್ಲಕ್ಸ್ ಎಂಬ ಲೇಪವನ್ನು ಹಚ್ಚಿ ಕಾಯಿಸಿದಾಗ, ಕರಗಿದ ಬೆಳ್ಳಿಯ ಮಿಶ್ರಲೋಹವು ಸಂದಿಯೊಳಗೆ ತಾನಾಗಿ ಹರಿಯುತ್ತದೆ. ಇದಕ್ಕೆ ಸುಮಾರು 650 ಡಿಗ್ರಿ ಸೆಲ್ಸಿಯಸ್, ಅಂದರೆ ಉಕ್ಕು ಮಂದ ಕೆಂಪಾಗುವಷ್ಟು ಶಾಖ ಸಾಕು. ಹಿತ್ತಾಳೆಗಾದರೆ ಸುಮಾರು 900 ಡಿಗ್ರಿ ಬೇಕಾಗುತ್ತದೆ.

ಶಾಖವು ಮಿತಿಮೀರಿದರೆ ಫ್ಲಕ್ಸ್ ಸುಟ್ಟುಹೋಗಿ ಕೀಲು ಪೊಳ್ಳಾಗುತ್ತದೆ. ಅಷ್ಟೇ ಅಲ್ಲದೆ, ವಿಷಧೂಮವೂ ಏಳುತ್ತದೆ. ಹಿತ್ತಾಳೆಯಲ್ಲಿರುವ ಸತುವಿನ ಹೊಗೆಯಿಂದ ಚಳಿಜ್ವರದಂತಹ ಬಾಧೆಯುಂಟಾಗಿ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಶಮನವಾಗುತ್ತದೆ. ಹಳೆಯ ಬೆಳ್ಳಿ ಕಡ್ಡಿಗಳಲ್ಲಿರುವ ಕ್ಯಾಡ್ಮಿಯಂ ಇದಕ್ಕಿಂತಲೂ ಘೋರ. ಅದರ ಹೊಗೆಯನ್ನು ಸೇವಿಸಿದಾಗ ತಕ್ಷಣ ಏನೂ ತೋರದೆ, ಕೆಲವು ಗಂಟೆಗಳ ನಂತರ ಜ್ವರ, ಕೆಮ್ಮು, ಎದೆನೋವು, ಉಸಿರಾಟದ ತೊಂದರೆಗಳು ಕಾಣಿಸಿಕೊಳ್ಳಬಹುದು. ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಇದನ್ನು ನೆಗಡಿಜ್ವರವೆಂದು ಉಪೇಕ್ಷಿಸದೆ ಕೂಡಲೇ ಆಸ್ಪತ್ರೆಗೆ ಹೋಗಿ, ಬೆಸುಗೆಯ ಹೊಗೆಯ ವಿಷಯವನ್ನು ವೈದ್ಯರಿಗೆ ಅವಶ್ಯ ತಿಳಿಸಬೇಕು. ಐರೋಪ್ಯ ಒಕ್ಕೂಟವು 2011ರಲ್ಲಿ ಇಂತಹ ಕಡ್ಡಿಗಳನ್ನು ಬಹುಮಟ್ಟಿಗೆ ನಿಷೇಧಿಸಿತು. ಆದರೂ ಹಳೆಯ ದಾಸ್ತಾನು ಕೈಗೆ ಸಿಗುವ ಸಂಭವವುಂಟು.

ಆದುದರಿಂದ ಪಾಲಿಸಬೇಕಾದ ನಿಯಮಗಳು ಇವು:

1. ಕ್ಯಾಡ್ಮಿಯಂರಹಿತವೆಂದು ಸ್ಪಷ್ಟವಾಗಿ ನಮೂದಿಸಿರುವ ಕಡ್ಡಿಯನ್ನೇ ಕೊಳ್ಳಬೇಕು. ಗುರುತಿಲ್ಲದ ಕಡ್ಡಿಯನ್ನು ಬಳಸಲೇಬಾರದು.

2. ಹೊಗೆಯು ಮುಖದ ಕಡೆಗೆ ಬಾರದೆ ಹೊರಹೋಗುವಂತೆ ಗಾಳಿಯ ಏರ್ಪಾಡು ಇರಬೇಕು. ಬಟ್ಟೆಯ ಮುಸುಕು ಈ ಹೊಗೆಯನ್ನು ತಡೆಯಲಾರದು.

3. ಸತುವಿನ ಲೇಪವುಳ್ಳ ಉಕ್ಕನ್ನು ಕಾಯಿಸಬಾರದು.

4. ಬೆಸುಗೆಗೆಂದೇ ತಯಾರಾದ, 3 ಅಥವಾ 4ನೆಯ ಛಾಯೆಯ ಕನ್ನಡಕವನ್ನು ಧರಿಸಬೇಕು.

5. ಫ್ಲಕ್ಸಿನಲ್ಲಿ ಫ್ಲೋರೈಡ್ ಇರುವುದರಿಂದ ಕೆಲಸ ಮುಗಿದೊಡನೆ, ಊಟಕ್ಕೆ ಮೊದಲು, ಕೈಗಳನ್ನು ಚೆನ್ನಾಗಿ ತೊಳೆಯಬೇಕು.

ನಿವೃತ್ತರಿಗೆ ಅವಸರವೆಂಬುದಿಲ್ಲ. ಈ ಹವ್ಯಾಸದಲ್ಲಿ ಅದೇ ದೊಡ್ಡ ಬಂಡವಾಳ. ಜ್ವಾಲೆಯನ್ನು ಹದವಾಗಿಟ್ಟು ನಿಧಾನವಾಗಿ ದುಡಿದರೆ ಕೀಲೂ ಗಟ್ಟಿಯಾಗುತ್ತದೆ, ಶ್ವಾಸಕೋಶವೂ ಉಳಿಯುತ್ತದೆ.