‘ನಿಮಗಾಗಿ ಪ್ರಾರ್ಥಿಸುತ್ತೇನೆ’ ಎಂದ ಮೇಲೆ



ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಬಾಗಿಲಲ್ಲಿ ನಿಲ್ಲುವ ಗುರುವಿನ ಕಿವಿಗೆ ಅತಿ ಹೆಚ್ಚು ಬೀಳುವ ಮಾತೆಂದರೆ, ‘ಸ್ವಾಮಿ, ನಮಗಾಗಿ ಪ್ರಾರ್ಥಿಸಿ’ ಎಂಬುದು. ಅಷ್ಟೇ ಸಲೀಸಾಗಿ ನಮ್ಮ ಬಾಯಿಂದ ಹೊರಡುವ ಉತ್ತರ, ‘ಖಂಡಿತ ಪ್ರಾರ್ಥಿಸುತ್ತೇನಮ್ಮ’. ಕೆಲವು ವರ್ಷಗಳ ಹಿಂದೆ ನೆರೆಯ ಧರ್ಮಕೇಂದ್ರದಿಂದ ಬಂದಿದ್ದ ತಾಯಿಯೊಬ್ಬರು ಹೀಗೆ ಕೇಳಿಕೊಂಡರು. ಮಗನಿಗೆ ಮೂತ್ರಪಿಂಡದ ಕಾಯಿಲೆ. ಮಾತು ಕೊಟ್ಟೆ. ಅಂದು ಎರಡು ಜ್ಞಾನಸ್ನಾನಗಳಿದ್ದವು, ಸಂಜೆ ಒಂದು ಸಭೆ, ಮರೆತೆ. ನಾಲ್ಕು ತಿಂಗಳ ಮೇಲೆ ಆಕೆ ಮತ್ತೆ ಬಂದರು. ಮಗ ತೀರಿಹೋಗಿದ್ದ. ದೂರು ಹೇಳಲು ಬಂದವರಲ್ಲ. ‘ನೀವು ದಿನಾ ಪೂಜೆಯಲ್ಲಿ ಅವನನ್ನು ನೆನೀತಿದ್ದೀರಿ ಅಂತ ಅವನಿಗೆ ಹೇಳ್ತಿದ್ದೆ ಸ್ವಾಮಿ. ಅದೊಂದು ಧೈರ್ಯ ಅವನಿಗೆ’ ಎಂದು ಕೈಮುಗಿದರು.

ನಾನು ಏನೂ ಹೇಳದೆ ತಲೆತಗ್ಗಿಸಿ ನಿಂತೆ. ವಿನಯವೆಂದು ಆಕೆ ತಿಳಿದಿರಬೇಕು.

ಆ ವಾರ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ತೆರೆದು ಕುಳಿತೆ. ಕಫೆರ್ನವುಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಚಾಪೆಯಲ್ಲಿ ಹೊತ್ತು ತರುವ ಪ್ರಸಂಗ ನಿಮಗೆಲ್ಲ ಗೊತ್ತು. ಬಾಗಿಲಲ್ಲಿ ಜನಜಂಗುಳಿ, ಆಗ ಅವರು ಛಾವಣಿ ಹತ್ತುತ್ತಾರೆ. ಅಲ್ಲಿನ ಮನೆಗಳ ಛಾವಣಿ ತೊಲೆ, ಕಡ್ಡಿ, ಮಣ್ಣಿನದು. ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆಯನ್ನು ಕಂಡವರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ. ಅದನ್ನು ಅಗೆದರೆ ಕೆಳಗಿದ್ದವರ ತಲೆಯ ಮೇಲೆಲ್ಲ ಮಣ್ಣು ಸುರಿದಿರಬೇಕು! ಆದರೆ ಗಮನಿಸಿ: ಆ ರೋಗಿ ಇಡೀ ಪ್ರಸಂಗದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಯೇಸು ಕಂಡದ್ದು ‘ಅವರ’ ವಿಶ್ವಾಸವನ್ನು ಎಂದು ಮಾರ್ಕನು ಬರೆಯುತ್ತಾನೆ. ಪರರಿಗಾಗಿ ಪ್ರಾರ್ಥಿಸುವುದೆಂದರೆ ಚಾಪೆಯ ಒಂದು ಮೂಲೆಯನ್ನು ಹಿಡಿಯುವುದು. ನಾನು ಒಂದು ಮೂಲೆ ಹಿಡಿಯುತ್ತೇನೆಂದು ಒಪ್ಪಿ ಕೈಬಿಟ್ಟಿದ್ದೆ.

‘ದೇವರಿಗೆ ಎಲ್ಲವೂ ಗೊತ್ತಲ್ಲ, ನಾವು ಕೇಳಿದರೆ ಮಾತ್ರ ಕೊಡುವನೇ?’ ಎಂದು ನೀವು ಕೇಳಬಹುದು. ಸೆಮಿನರಿಯಲ್ಲಿ ನಾವೂ ಈ ಪ್ರಶ್ನೆಯನ್ನು ಹಿಡಿದು ರಾತ್ರಿಯೆಲ್ಲ ವಾದಿಸುತ್ತಿದ್ದೆವು. ಹದಿಮೂರನೆಯ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಇದನ್ನು ಎತ್ತಿಕೊಂಡಿದ್ದಾರೆ. ದೇವರ ಸಂಕಲ್ಪವನ್ನು ಬದಲಿಸುವುದು ಪ್ರಾರ್ಥನೆಯ ಉದ್ದೇಶವಲ್ಲ; ಕೆಲವು ವರಗಳು ನಮ್ಮ ಬೇಡಿಕೆಯ ಮೂಲಕವೇ ದೊರೆಯಬೇಕೆಂಬುದು ದೇವರ ಸಂಕಲ್ಪದಲ್ಲೇ ಸೇರಿದೆ ಎಂಬುದು ಅವರ ಉತ್ತರದ ಸಾರ. ರಾಗಿ ಬೆಳೆಸುವವನು ದೇವರೇ. ಹಾಗೆಂದು ಯಾವ ರೈತನೂ ಬಿತ್ತದೆ ಕೂರುವುದಿಲ್ಲ. ದೇವರು ನಮ್ಮ ಕೈಯನ್ನು ಬಳಸಿಕೊಳ್ಳುವಂತೆ ನಮ್ಮ ಬೇಡಿಕೆಯನ್ನೂ ಬಳಸಿಕೊಳ್ಳುತ್ತಾನೆ.

ಕೇಳಿದ್ದೇ ಸಿಗುತ್ತದೆ ಎಂದಲ್ಲ. ಆದಿಕಾಂಡದಲ್ಲಿ ಅಬ್ರಹಾಮನು ಸೊದೋಮಿಗಾಗಿ ಐವತ್ತು ಮಂದಿ ಸಜ್ಜನರಿಂದ ಹಿಡಿದು ಹತ್ತರವರೆಗೂ ಸಂತೆಯಲ್ಲಿ ಚೌಕಾಸಿ ಮಾಡುವವನಂತೆ ಇಳಿಸುತ್ತಾ ಹೋದ. ಊರು ಉಳಿಯಲಿಲ್ಲ. ಆದರೆ ದೇವರು ಅಬ್ರಹಾಮನನ್ನು ನೆನೆದು ಲೋಟನನ್ನು ಆ ನಾಶದಿಂದ ಪಾರುಮಾಡಿದರೆಂದು ಮುಂದಿನ ಅಧ್ಯಾಯ ಹೇಳುತ್ತದೆ. ಅಬ್ರಹಾಮನು ಲೋಟನ ಹೆಸರನ್ನು ಬಾಯಿಬಿಟ್ಟು ಹೇಳಿರಲೂ ಇಲ್ಲ.

ಇನ್ನು ಬಾಲಯೇಸುವಿನ ಸಂತ ತೆರೇಸಮ್ಮನವರ ವಿಷಯ. 1887ರ ಮಾರ್ಚ್‌ನಲ್ಲಿ ಪ್ಯಾರಿಸಿನಲ್ಲಿ ಇಬ್ಬರು ಹೆಂಗಸರೂ ಒಬ್ಬ ಬಾಲಕಿಯೂ ಕೊಲೆಯಾದರು. ಪ್ರಾನ್ಸಿನಿ ಎಂಬಾತನಿಗೆ ಮರಣದಂಡನೆ ವಿಧಿಸಲಾಯಿತು. ಲಿಸಿಯೂ ಪಟ್ಟಣದಲ್ಲಿದ್ದ ತೆರೇಸಳಿಗೆ ಆಗ 14 ವರ್ಷ, ಇನ್ನೂ ಕಾರ್ಮೆಲ್ ಮಠಕ್ಕೆ ಸೇರಿರಲಿಲ್ಲ. ಊರೆಲ್ಲ ಶಪಿಸುತ್ತಿದ್ದ ಆ ಮನುಷ್ಯನಿಗಾಗಿ ಅವಳು ಪ್ರಾರ್ಥಿಸಿದಳು. ಅಕ್ಕ ಸೆಲೀನಳ ನೆರವಿನಿಂದ ಪೂಜೆಯನ್ನೂ ಮಾಡಿಸಿದಳು. ಆಗಸ್ಟ್ 31ರಂದು ಶಿರಚ್ಛೇದ. ಪಾಪನಿವೇದನೆಗೆ ಒಪ್ಪದೆಯೇ ವಧಾಸ್ಥಾನ ಏರಿದ್ದ ಆತ ಕಡೆಯ ಗಳಿಗೆಯಲ್ಲಿ ತಿರುಗಿ, ಗುರುಗಳು ಹಿಡಿದಿದ್ದ ಶಿಲುಬೆಗೆ ಮುತ್ತಿಟ್ಟ. ಅದನ್ನು ಪತ್ರಿಕೆಯಲ್ಲಿ ಓದಿ ಹುಡುಗಿ ಅತ್ತಳು. ಅವನನ್ನು ತನ್ನ ಮೊದಲ ಮಗುವೆಂದು ಮುಂದೆ ಆತ್ಮಕಥೆಯಲ್ಲಿ ಕರೆದಿದ್ದಾಳೆ. ಅವನ ಮುಖವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ! ಮಠ ಸೇರಿದ ಮೇಲೆ ಅದರ ಗೋಡೆ ದಾಟದ ಈ ಸಂನ್ಯಾಸಿನಿಯನ್ನೇ 1927ರಲ್ಲಿ ಧರ್ಮಸಭೆಯು ಧರ್ಮಪ್ರಚಾರದ ಪಾಲಕಿಯೆಂದು ಘೋಷಿಸಿತು.

ಇಷ್ಟೆಲ್ಲ ಇದ್ದರೂ ನಮ್ಮ ‘ವಿಶ್ವಾಸಿಗಳ ಪ್ರಾರ್ಥನೆ’ಯ ಗತಿ ನೋಡಿ. ಶತಮಾನಗಳ ಕಾಲ ಬಹುಮಟ್ಟಿಗೆ ಬಿಟ್ಟುಹೋಗಿದ್ದ ಅದನ್ನು ಮರಳಿ ತರಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಿಧಿಸಿತು. ನಾವೋ, ಮುದ್ರಿತ ಹಾಳೆಯಿಂದ ಐದು ಬಿನ್ನಹಗಳನ್ನು ರೈಲ್ವೆ ನಿಲ್ದಾಣದ ಪ್ರಕಟಣೆಯಂತೆ ಓದಿ ಮುಗಿಸುತ್ತೇವೆ. ನಮ್ಮದೇ ಬೀದಿಯಲ್ಲಿ ಮಲಗಿರುವ ರೋಗಿಯ ಹೆಸರು ಅದರಲ್ಲಿ ಬರುವುದು ಅಪರೂಪ. ಶುಭಶುಕ್ರವಾರ ಮಾತ್ರ ಧರ್ಮಸಭೆಯು ಹತ್ತು ಬಿನ್ನಹಗಳನ್ನು ನಿಧಾನವಾಗಿ, ನಡುನಡುವೆ ಮೌನವಿರಿಸಿ ಅರ್ಪಿಸುತ್ತದೆ. ಕ್ರಿಸ್ತರನ್ನು ನಂಬದವರೂ, ದೇವರನ್ನೇ ನಂಬದವರೂ ಅಲ್ಲಿ ಇದ್ದಾರೆ.

ಕಷ್ಟವಿರುವುದು ಮನೆಯ ಜಗಳಗಳಲ್ಲಿ. ‘ದೇವರೇ, ನನ್ನ ಅಣ್ಣನಿಗೆ ಬುದ್ಧಿ ಕೊಟ್ಟು ಜಮೀನು ಬಿಡಿಸು’ ಎಂಬುದು ಪ್ರಾರ್ಥನೆಯಲ್ಲ, ನ್ಯಾಯಾಲಯಕ್ಕೆ ಕೊಡುವ ಅರ್ಜಿ. ಅಣ್ಣನ ಮಂಡಿನೋವಿಗಾಗಿ, ಅವನ ಮಗಳ ಪರೀಕ್ಷೆಗಾಗಿ ಒಂದು ವಾರ ಬೇಡಿಕೊಂಡು ನೋಡಿ. ಜಮೀನಿನ ವಿಷಯ ಏನಾಗುವುದೋ ನಾನು ಹೇಳಲಾರೆ. ದಾರಿಯಲ್ಲಿ ಎದುರಾದಾಗ ‘ಮಂಡಿ ಹೇಗಿದೆ?’ ಎಂದು ಕೇಳದೆ ಹೋಗುವುದು ನಿಮಗೇ ಕಷ್ಟವಾದೀತು. ಪ್ರಾರ್ಥನೆ ನಮ್ಮ ಕಾಲಿಗೂ ಕೆಲಸ ಕೊಡುತ್ತದೆ. ಆ ನಾಲ್ವರೂ ಬರೀ ಬೇಡಿಕೊಂಡು ಕುಳಿತವರಲ್ಲ, ಹೊತ್ತುಕೊಂಡು ನಡೆದವರು.

ಆ ತಾಯಿಗೆ ನಿಜ ಹೇಳಲು ನನಗೆ ಎರಡು ವಾರ ಬೇಕಾಯಿತು. ಅವರ ಮನೆಗೇ ಹೋದೆ. ಎಲ್ಲವನ್ನೂ ಕೇಳಿ ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಾಗಾದ್ರೆ ಈಗ ಮಾಡಿ ಸ್ವಾಮಿ’ ಎಂದರು. ಮೃತರಿಗಾಗಿ ಪ್ರಾರ್ಥಿಸುವ ಧರ್ಮಸಭೆಯ ವಿಶ್ವಾಸವನ್ನು ಅಷ್ಟು ಚಿಕ್ಕದಾಗಿ ನನಗೆ ಯಾವ ಪ್ರಾಧ್ಯಾಪಕರೂ ಕಲಿಸಿರಲಿಲ್ಲ.

ಹಿಂದಿರುಗುವಾಗ ಅಂಗಡಿಯಲ್ಲಿ ಜೇಬಿಗೆ ಹಿಡಿಸುವಂಥ ಪುಸ್ತಕವೊಂದನ್ನು ಕೊಂಡೆ. ಮೊದಲ ಪುಟದ ಮೊದಲ ಹೆಸರು ಆ ಹುಡುಗನದು. ಈಗ ಅಂಥ ಮೂರನೆಯ ಪುಸ್ತಕ ನಡೆಯುತ್ತಿದೆ; ಬೆಳಗಿನ ಪೂಜೆಗೆ ಮುನ್ನ ಒಂದೊಂದು ಪುಟ ಓದುತ್ತೇನೆ. ಕಳೆದ ಭಾನುವಾರ ಒಬ್ಬ ಅಜ್ಜಿಯ ಹೆಸರು ಕೇಳುವುದನ್ನೇ ಮರೆತಿದ್ದೆ. ‘ಬಸ್ ನಿಲ್ದಾಣದ ಹತ್ತಿರದ ಅಜ್ಜಿ, ಮೊಮ್ಮಗಳಿಗೆ ಜ್ವರ’ ಎಂದು ಬರೆದುಕೊಂಡಿದ್ದೇನೆ.