ಮೇಜು ಬಿಟ್ಟು ಕಪಾಟಿನ ಹತ್ತಿರ ಬನ್ನಿ

ಅಶೋಕಪುರಂನ ಹುಡುಗ ಹುಡುಗಿಯರಿಗೆ, ಮಕ್ಕಳನ್ನು ಶಾಲೆಗೆ ಕಳಿಸಿ ಮಧ್ಯಾಹ್ನ ಒಂದಿಷ್ಟು ಬಿಡುವು ಸಿಗುವ ಗೃಹಿಣಿಯರಿಗೆ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾಗಿ ಮನೆಯಲ್ಲಿರುವ ಹಿರಿಯರಿಗೆ, ಎಲ್ಲರಿಗೂ ಸೇರಿಸಿಯೇ ಈ ಮಾತು. ಏನಾದರೂ ಕಲಿಯಬೇಕು, ಇರುವುದಕ್ಕಿಂತ ಒಂದು ಮೆಟ್ಟಿಲು ಮೇಲೆ ಹತ್ತಬೇಕು ಅಂತ ನೀವು ಮನಸ್ಸು ಮಾಡಿದ್ದೀರಿ. ಒಳ್ಳೆಯದೇ. ಆದರೆ ಮನಸ್ಸು ಮಾಡಿದ ಕೂಡಲೇ ಜೇಬಿಗೆ ಕೈ ಹಾಕುತ್ತೀರಲ್ಲ, ಅದು ನನಗೆ ಸರಿಬರುವುದಿಲ್ಲ. ಸಾವಿರಾರು ರೂಪಾಯಿಯ ಕೋಚಿಂಗು, ಮೊಬೈಲಿನಲ್ಲಿ ಕೊಳ್ಳುವ ಕೋರ್ಸು, ಇಟ್ಟಿಗೆಯಷ್ಟು ದಪ್ಪದ ಗೈಡು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ.

ಆ ಬೆಣ್ಣೆ ಸಾರ್ವಜನಿಕ ಗ್ರಂಥಾಲಯ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಆಸ್ತಿ ತೆರಿಗೆ ನೂರು ರೂಪಾಯಿ ಕಟ್ಟಿದರೆ ಅದರ ಜೊತೆಗೆ ಆರು ರೂಪಾಯಿ ಗ್ರಂಥಾಲಯಕ್ಕೆ ಹೋಗುತ್ತದೆ. ಬಾಡಿಗೆ ಮನೆಯವರು ನಮಗೇನು ಅನ್ನಬೇಡಿ, ಮಾಲೀಕರು ಕಟ್ಟುವುದು ನಿಮ್ಮ ಬಾಡಿಗೆಯಲ್ಲಿಯೇ ಸೇರಿದೆ. ದುಡ್ಡು ಕೊಟ್ಟಾಗಿದೆ, ಇನ್ನು ಹೋಗಿ ಉಪಯೋಗಿಸಿಕೊಳ್ಳುವುದಷ್ಟೇ ಬಾಕಿ. ಒಳಗೆ ಕಾಲಿಡಲು ಸಂಕೋಚಪಡುವವರು, ವಿಶೇಷವಾಗಿ ಹೆಣ್ಣುಮಕ್ಕಳು, ಈ ಮಾತು ನೆನಪಿಟ್ಟುಕೊಳ್ಳಿ. ಅಲ್ಲಿ ಯಾರೂ ನಿಮಗೆ ಉಪಕಾರ ಮಾಡುತ್ತಿಲ್ಲ.

ಏಪ್ರಿಲ್ 14 ಬಂದರೆ ನಮ್ಮ ಬೀದಿಗಳೆಲ್ಲ ನೀಲಿ ಬಾವುಟದಿಂದ ತುಂಬುತ್ತವೆ. ಬಾಬಾಸಾಹೇಬರ ಫೋಟೋ ಇಲ್ಲದ ಮನೆ ಇಲ್ಲಿ ಕಡಿಮೆ. ಅವರು ಮೇಲೆ ಬಂದದ್ದು ಹೇಗೆ ಅಂತ ಮಕ್ಕಳಿಗೆ ಹೇಳುವಾಗ ಬುದ್ಧಿವಂತರಾಗಿದ್ದರು ಎಂದು ಹೇಳಿ ಮುಗಿಸಿಬಿಡುತ್ತೇವೆ. ಗ್ರಂಥಾಲಯದ ವಿಷಯವನ್ನೂ ಹೇಳಿ. 1913ರಲ್ಲಿ ಬರೋಡಾದ ಸಯ್ಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ. 1917ರಲ್ಲಿ ವೇತನದ ಅವಧಿ ಮುಗಿದು ಓದು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಅವರ ಪುಸ್ತಕಗಳು ಬರುತ್ತಿದ್ದ ಹಡಗು ಯುದ್ಧದಲ್ಲಿ ಮುಳುಗಿಹೋಯಿತು. ಅಷ್ಟಾದರೂ 1920ರಲ್ಲಿ ದುಡ್ಡು ಹೊಂದಿಸಿಕೊಂಡು ಮತ್ತೆ ಲಂಡನ್ನಿಗೆ ಹೋದರು. ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯದಲ್ಲಿ ದಿನಗಟ್ಟಲೆ ಕೂತು ಓದಿದರು, 1923ರಲ್ಲಿ ಡಿ.ಎಸ್ಸಿ. ಪದವಿ ಪಡೆದರು. ಅಲ್ಲಿ ಓದಿದ ಪುಸ್ತಕಗಳೆಲ್ಲ ಅವರ ಸ್ವಂತದ್ದಾಗಿರಲಿಲ್ಲ, ಗ್ರಂಥಾಲಯದ್ದು.

ಇನ್ನೊಂದು ವಿಷಯವೂ ಗೊತ್ತಿರಲಿ. ನೀವು ದೇವರಾಜ ಮಾರುಕಟ್ಟೆಗೆ ತರಕಾರಿಗೆ ಹೋಗುವ ಸಯ್ಯಾಜಿರಾವ್ ರಸ್ತೆ ಅದೇ ಬರೋಡಾ ಮಹಾರಾಜರ ಹೆಸರಿನದು. 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಾಲಯ ತಜ್ಞರನ್ನು ಕರೆಸಿ, ತಮ್ಮ ಸಂಸ್ಥಾನದ ಹಳ್ಳಿಹಳ್ಳಿಗೂ ಗ್ರಂಥಾಲಯ ತಲುಪುವಂತೆ ಮಾಡಿದವರು ಅವರೇ.

ಈಗ ಬೈಯುವ ವಿಷಯಕ್ಕೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗ್ರಂಥಾಲಯಕ್ಕೆ ಹೋಗುವವರೂ ಅಲ್ಲಿ ಮಾಡುವುದೇನು? ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು, ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು, ಮನೆಯಿಂದ ತಂದ ಗೈಡು ಬಿಚ್ಚಿಟ್ಟು, ಮೊಬೈಲು ಚಾರ್ಜಿಗೆ ಹಾಕುತ್ತೀರಿ. ಸಂಜೆವರೆಗೆ ಕೂರುತ್ತೀರಿ. ಹತ್ತು ಹೆಜ್ಜೆ ದೂರದ ಕಪಾಟಿನ ಕಡೆಗೆ ಒಂದು ಸಲವೂ ತಿರುಗುವುದಿಲ್ಲ. ಕೂರಲು ನೆಮ್ಮದಿಯ ಜಾಗ ಸಿಕ್ಕಿತಲ್ಲ ಅನ್ನುತ್ತೀರಿ, ಒಪ್ಪಿದೆ. ಚಿಕ್ಕ ಮನೆಯಲ್ಲಿ ನಾಲ್ಕು ಜನರ ನಡುವೆ ಓದುವ ಕಷ್ಟ ನನಗೆ ಗೊತ್ತು. ಆದರೂ ಬರೀ ಮೇಜು ಕುರ್ಚಿಗೆ ಗ್ರಂಥಾಲಯ ಬೇಕೇ?

ಗೈಡು ಹೋದ ಪರೀಕ್ಷೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ, ಮುಂದಿನ ಪರೀಕ್ಷೆಯ ಪ್ರಶ್ನೆ ಅರ್ಥವಾಗಲು ಬುನಾದಿ ಬೇಕು. ಪಿಡಿಒ ಆಗಲಿ, ಎಫ್‌ಡಿಎ ಆಗಲಿ, ಕೆಎಎಸ್ ಆಗಲಿ, ಮೊದಲು ಆರರಿಂದ ಹತ್ತನೇ ತರಗತಿವರೆಗಿನ ಸಮಾಜ ವಿಜ್ಞಾನ, ವಿಜ್ಞಾನದ ಪಠ್ಯಗಳನ್ನು ಮತ್ತೆ ಓದಿ. ನಾಚಿಕೆ ಬೇಡ. ಕೇಂದ್ರ ಸರ್ಕಾರ ಹೊರತರುವ ‘ಯೋಜನಾ’ ಮಾಸಿಕ ಕನ್ನಡದಲ್ಲಿಯೂ ಬರುತ್ತದೆ, ಹಳೆಯ ಸಂಚಿಕೆಗಳಿದ್ದರೆ ಕೇಳಿ ತೆಗೆಸಿಕೊಳ್ಳಿ. ಇಂಗ್ಲಿಷ್ ಕಷ್ಟವೆನ್ನುವವರು ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಇಂಗ್ಲಿಷ್ ಪತ್ರಿಕೆಯ ಒಂದೇ ಒಂದು ಸುದ್ದಿ ಪೂರ್ತಿ ಓದಿ. ಹನಿ ಹನಿ ಕೂಡಿದರೆ ಹಳ್ಳ. ಅಧಿಸೂಚನೆ ಬಂದ ಮೇಲೆ ಓಡಿಬಂದು, ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುವ ಹಾಗೆ ಮಾಡಬೇಡಿ. ಬಾಬಾಸಾಹೇಬರ ಬರಹ, ಭಾಷಣಗಳ ಸಂಪುಟಗಳೂ ಕನ್ನಡದಲ್ಲಿವೆ. ಭಾವಚಿತ್ರಕ್ಕೆ ಹಾರ ಹಾಕುವ ಕೈ ಆ ಸಂಪುಟಗಳನ್ನೂ ಒಮ್ಮೆ ಬಿಚ್ಚಲಿ.

ಎಲ್ಲರಿಗೂ ಸರ್ಕಾರಿ ಕೆಲಸವೇ ಬೇಕೆಂದಿಲ್ಲ. ಸ್ವಸಹಾಯ ಸಂಘದ ಲೆಕ್ಕ ನೀಟಾಗಿ ಬರೆಯಲು ಕಲಿಯಬೇಕೆನ್ನುವವರು ಇದ್ದೀರಿ, ಸಕ್ಕರೆ ಕಾಯಿಲೆಗೆ ಊಟ ಹೇಗಿರಬೇಕು ಅಂತ ತಿಳಿಯಬೇಕಾದವರು ಇದ್ದೀರಿ. ಅರ್ಧಕ್ಕೆ ಓದು ಬಿಟ್ಟವರಿಗೆ 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ನಮ್ಮೂರಿನಲ್ಲಿಯೇ, ಮುಕ್ತಗಂಗೋತ್ರಿಯಲ್ಲಿದೆ. ಅಲ್ಲಿಗೆ ಸೇರಿ, ಪೂರಕ ಓದಿಗೆ ನಿಮ್ಮ ಬಡಾವಣೆಗೆ ಹತ್ತಿರದ ಶಾಖಾ ಗ್ರಂಥಾಲಯಕ್ಕೆ ಬನ್ನಿ. ಆದರೆ ಒಂದು ಸಲಕ್ಕೆ ಒಂದೇ ಗುರಿ. ಈ ವಾರ ಇಂಗ್ಲಿಷ್, ಮುಂದಿನ ವಾರ ಷೇರು ಮಾರುಕಟ್ಟೆ, ಆಮೇಲೆ ಯೋಗ ಅಂತ ಹಾರಬೇಡಿ. ಏನು ಕಲಿಯಬೇಕು, ಯಾವಾಗ ಮುಗಿಸಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಗ್ರಂಥಾಲಯದ ಕಾರ್ಡಿನ ಜೊತೆ ಇಟ್ಟುಕೊಳ್ಳಿ.

ಆ ಚೀಟಿಯನ್ನು ಗ್ರಂಥಪಾಲಕರಿಗೂ ತೋರಿಸಿ. ಪುಸ್ತಕ ಎಲ್ಲಿದೆ ಅಂತ ಕೇಳಲು ಮಾತ್ರ ಅವರ ಹತ್ತಿರ ಹೋಗುತ್ತೀರಿ. ಏನು ಓದಬೇಕು, ಮೊದಲು ಯಾವುದು, ಅಂತ ಕೇಳಿ ನೋಡಿ. ಓದುಗನ ಸಮಯ ಉಳಿಸಬೇಕು ಎಂಬುದು ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದು, ಗ್ರಂಥಾಲಯ ವಿಜ್ಞಾನ ಓದಿದವರಿಗೆಲ್ಲ ಅದು ಮೊದಲ ಪಾಠ. ನೀವೂ ಸ್ವಲ್ಪ ತಿಳಿದಿರಿ. ಪುಸ್ತಕದ ಬೆನ್ನಿನ ಮೇಲಿನ ಅಂಕಿ ಅಲಂಕಾರಕ್ಕಲ್ಲ. ಡ್ಯೂಯಿ ಪದ್ಧತಿ ಅನುಸರಿಸುವ ಕಡೆ 300ರ ಸಾಲಿನಲ್ಲಿ ಸಮಾಜ, ಕಾನೂನು, ಅರ್ಥಶಾಸ್ತ್ರ, 500ರಲ್ಲಿ ವಿಜ್ಞಾನ, 600ರಲ್ಲಿ ಆರೋಗ್ಯ, ಅಡುಗೆ, ಕೃಷಿ, ವ್ಯವಹಾರ, 900ರಲ್ಲಿ ಇತಿಹಾಸ ಇರುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಹುಡುಕಾಟ ಮುಗಿಯಿತು. ಬೇಕಾದ ಪುಸ್ತಕ ಇಲ್ಲದಿದ್ದರೆ ಗೊಣಗಿಕೊಂಡು ಹೋಗಬೇಡಿ, ಹೆಸರು, ಲೇಖಕರು, ಪ್ರಕಾಶಕರನ್ನು ಬರೆದು ಕೊಡಿ. ಕೇಳದ ಪುಸ್ತಕ ಯಾರೂ ತರಿಸುವುದಿಲ್ಲ.

ಕೆಲವು ಕೆಟ್ಟ ಅಭ್ಯಾಸಗಳನ್ನು ಇವತ್ತೇ ಬಿಡಿ. ಉದ್ಯೋಗದ ಜಾಹೀರಾತು ಇರುವ ಪುಟವನ್ನು ಪತ್ರಿಕೆಯಿಂದ ಹರಿದುಕೊಂಡು ಹೋಗುವುದು, ನಿಮ್ಮಂತೆಯೇ ಕೆಲಸ ಹುಡುಕುವ ಇನ್ನೊಬ್ಬರ ಅನ್ನಕ್ಕೆ ಕೈ ಹಾಕಿದಂತೆ. ಫೋಟೋ ತೆಗೆದುಕೊಳ್ಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪುಸ್ತಕದ ಸಾಲುಗಳ ಕೆಳಗೆ ಪೆನ್ನಿನಿಂದ ಗೀಟು ಹಾಕಬೇಡಿ. ಟವೆಲು ಹಾಕಿ ಕುರ್ಚಿ ಕಾಯ್ದಿರಿಸಿ ಊಟಕ್ಕೆ ಹೋಗಿ ಎರಡು ಗಂಟೆ ಬಿಟ್ಟು ಬರಬೇಡಿ. ಮನೆಗೆ ತಂದ ಪುಸ್ತಕವನ್ನು ಟಿವಿ ಮೇಲೆ ಇಟ್ಟು ಮರೆಯಬೇಡಿ, ಕೊಟ್ಟ ದಿನದೊಳಗೆ ವಾಪಸ್ ಮಾಡಿ. ಮುಗಿಯಲಿಲ್ಲವೆಂದರೆ ಅವಧಿ ವಿಸ್ತರಿಸಿ ಅಂತ ಕೇಳಿ.

ಕೆಲಸದ ಪಾಳಿಯಿಂದಾಗಿ ಹೋಗಲಾಗದವರಿಗೆ ಮೊಬೈಲಿನಲ್ಲೂ ದಾರಿ ಇದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭಿಸಿತು, ನೋಂದಣಿ ಉಚಿತ. ಆದರೆ ಮೊಬೈಲು ತೆಗೆದರೆ ಪುಸ್ತಕಕ್ಕಿಂತ ಮೊದಲು ರೀಲ್ಸ್ ಕೈಗೆ ಬರುತ್ತದೆ ಅನ್ನುವವರು ಅಚ್ಚಾದ ಪುಸ್ತಕಕ್ಕೇ ಬನ್ನಿ.

ಸದಸ್ಯರಾಗುವುದು ದೊಡ್ಡ ಕಷ್ಟವಲ್ಲ. ವಿಳಾಸದ ದಾಖಲೆ, ಫೋಟೋ, ಮತ್ತೆ ಸಿಗುವ ಒಂದು ಸಣ್ಣ ಠೇವಣಿ. ಈ ವಾರವೇ ಹೋಗಿ ಅರ್ಜಿ ತುಂಬಿ, ಆ ದಿನವೇ ಕಪಾಟಿನಿಂದ ಒಂದು ಪುಸ್ತಕ ಕೈಗೆತ್ತಿಕೊಂಡು ನೋಡಿ. ಸೋಮವಾರ ಮಾತ್ರ ಹೋಗಬೇಡಿ, ಅವತ್ತು ವಾರದ ರಜೆ. ಎರಡನೇ ಮಂಗಳವಾರವೂ ಬಾಗಿಲು ಹಾಕಿರುತ್ತದೆ.