ಮಕ್ಕಳ ಕ್ರೀಡಾಪ್ರಯಾಣ ಮತ್ತು ಕುಟುಂಬದ ವಾಹನ: ಅಮೆರಿಕದ ಅನುಭವದಿಂದ ಒಂದು ಪಾಠ

ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ತಂಡವು ಹೊರಡುವ ದಿನ, ಬೆಳಗಿನ ಆರು ಗಂಟೆಗೆ ಶಾಲೆಯ ಮಹಾದ್ವಾರದ ಬಳಿ ನಿಂತು ನೋಡಿದವರಿಗೆ ಒಂದು ಸಂಗತಿ ತಾನಾಗಿಯೇ ಮನವರಿಕೆಯಾಗುತ್ತದೆ. ಮಕ್ಕಳು ಹಿಂದಿನ ರಾತ್ರಿಯೇ ಒಗೆದು ಮಡಿಸಿಟ್ಟ ಸಮವಸ್ತ್ರವನ್ನು ಧರಿಸಿ ಸಾಲಾಗಿ ನಿಂತಿರುತ್ತಾರೆ. ಬುತ್ತಿಯ ಗಂಟು ಸಿದ್ಧವಾಗಿರುತ್ತದೆ. ಆದರೆ ದೈಹಿಕ ಶಿಕ್ಷಕರ ದೃಷ್ಟಿ ಮಾತ್ರ ರಸ್ತೆಯ ತಿರುವಿನ ಕಡೆಗೇ ನೆಟ್ಟಿರುತ್ತದೆ. ವಾಹನ ಬಂದೀತೇ? ಬಂದರೂ ಎಲ್ಲರೂ ಅದರಲ್ಲಿ ಹಿಡಿಸಿಯಾರೇ? ಪಂದ್ಯದ ಚಿಂತೆ ಆಮೇಲಿನದು.

ಮಗುವನ್ನು ಮೈದಾನಕ್ಕೆ ಮುಟ್ಟಿಸುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಗಂಭೀರವಾಗಿ ಆಲೋಚಿಸುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಕಳೆದ ಅರ್ಧ ಶತಮಾನದಲ್ಲಿ ಈ ಹೊಣೆಯ ಬಹುಭಾಗವು ಕುಟುಂಬದ ಹೆಗಲಿಗೆ, ಅರ್ಥಾತ್ ಕುಟುಂಬದ ವಾಹನಕ್ಕೆ, ವರ್ಗವಾಯಿತು. ಅದರಿಂದ ಆದ ಅನುಕೂಲವೇನು, ತೆತ್ತ ಬೆಲೆಯೇನು, ನಾವು ಕಲಿಯಬೇಕಾದುದೇನು ಎಂಬುದನ್ನು ಸಂಕ್ಷೇಪವಾಗಿ ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನೆರೆಹೊರೆಯ ಆಟದಿಂದ ಸಂಚಾರಿ ತಂಡಕ್ಕೆ

ಅಮೆರಿಕದಲ್ಲಿ ಮಕ್ಕಳ ಕ್ರೀಡೆಯು ಶಾಲೆಯ ಹೊರಗೂ ವಿಸ್ತಾರವಾಗಿ ಬೆಳೆದಿದೆ. 1939ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ‘ಲಿಟ್ಲ್ ಲೀಗ್’ ಎಂಬ ಬೇಸ್‌ಬಾಲ್ ಸಂಘಟನೆಯು ನೆರೆಹೊರೆಯ ಹುಡುಗರಿಗಾಗಿ ಹುಟ್ಟಿತು. 1964ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಕಾಲ್ಚೆಂಡಾಟಕ್ಕಾಗಿ ಸ್ಥಾಪಿತವಾದ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್, ತಂಡಕ್ಕೆ ಸೇರಿದ ಪ್ರತಿಯೊಂದು ಮಗುವೂ ಪ್ರತಿ ಪಂದ್ಯದ ಅರ್ಧ ಭಾಗವನ್ನಾದರೂ ಆಡಲೇಬೇಕೆಂಬ ನಿಯಮವನ್ನು ತನ್ನ ಮೂಲ ತತ್ತ್ವವನ್ನಾಗಿ ಇರಿಸಿಕೊಂಡಿತು. 1972ರಲ್ಲಿ ಬಂದ ‘ಟೈಟಲ್ ನೈನ್’ ಎಂಬ ಕಾನೂನು, ಸರ್ಕಾರದ ಧನಸಹಾಯ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣುಗಂಡೆಂಬ ಭೇದವನ್ನು ನಿಷೇಧಿಸಿತು. ಅದರ ಫಲವಾಗಿ, 1971-72ರಲ್ಲಿ 3 ಲಕ್ಷಕ್ಕಿಂತ ಕಡಿಮೆಯಿದ್ದ ಪ್ರೌಢಶಾಲಾ ಕ್ರೀಡಾಳು ಬಾಲಕಿಯರ ಸಂಖ್ಯೆ ಈಗ 30 ಲಕ್ಷವನ್ನು ಮೀರಿದೆ.

ಇದರ ಜೊತೆಜೊತೆಗೆ ಇನ್ನೊಂದು ಪದ್ಧತಿಯೂ ಬೆಳೆಯಿತು. ಅದೇ ‘ಟ್ರಾವೆಲ್ ಟೀಮ್’, ನಮ್ಮ ಮಾತಿನಲ್ಲಿ ಸಂಚಾರಿ ತಂಡ. ಇಲ್ಲಿ ಮಕ್ಕಳನ್ನು ಪರೀಕ್ಷಿಸಿ ಆರಿಸಿಕೊಳ್ಳುತ್ತಾರೆ. ಕುಟುಂಬವು ಶುಲ್ಕ ತೆರುತ್ತದೆ. ವಾರಾಂತ್ಯ ಬಂತೆಂದರೆ ತಂಡವು ಬೇರೆ ಊರಿಗೆ, ಕೆಲವೊಮ್ಮೆ ಬೇರೆ ರಾಜ್ಯಕ್ಕೆ ಪಂದ್ಯಾವಳಿಗಾಗಿ ತೆರಳುತ್ತದೆ. 1997ರಲ್ಲಿ ಫ್ಲಾರಿಡಾದ ಆರ್ಲ್ಯಾಂಡೊ ಬಳಿ ಡಿಸ್ನಿ ಸಂಸ್ಥೆಯು ತೆರೆದ ವಿಶಾಲ ಕ್ರೀಡಾ ಸಂಕೀರ್ಣದಂತಹ ತಾಣಗಳು ಇಂತಹ ಪಂದ್ಯಾವಳಿಗಳಿಗೆ ನೆಲೆಯಾದವು. ಸಾಮಾನ್ಯವಾಗಿ ಇಂತಹ ತಂಡಗಳಿಗೆ ಸ್ವಂತ ಬಸ್ಸಿರುವುದಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಹಬ್ಬಿದ ಉಪನಗರಗಳಲ್ಲಿ ಮನೆಗಳು ದೂರದೂರ, ಸಾರ್ವಜನಿಕ ಬಸ್ಸುಗಳು ವಿರಳ. ಆದುದರಿಂದ ಮಗುವನ್ನು ಒಯ್ಯುವ ಕೆಲಸವು ತಂದೆತಾಯಿಗಳ ಪಾಲಿಗೆ ಬಂದಿತು.

ಒಂದು ವಾಹನದ ಕಥೆ

1950 ಮತ್ತು 60ರ ದಶಕಗಳಲ್ಲಿ ಈ ಕೆಲಸವನ್ನು ‘ಸ್ಟೇಷನ್ ವ್ಯಾಗನ್’ ಎಂಬ, ಹಿಂಭಾಗದವರೆಗೂ ಮಾಡು ಚಾಚಿದ ಉದ್ದನೆಯ ಕಾರು ನಿರ್ವಹಿಸುತ್ತಿತ್ತು. ಫೋರ್ಡ್ ಕಂಪನಿಯಲ್ಲಿದ್ದ ಹ್ಯಾಲ್ ಸ್ಪರ್ಲಿಕ್ ಎಂಬ ತಂತ್ರಜ್ಞರು, ಕಾರಿನಂತೆ ಸುಲಭವಾಗಿ ಓಡುವ, ವ್ಯಾನಿನಷ್ಟು ಸ್ಥಳವಿರುವ ಕುಟುಂಬ ವಾಹನವೊಂದನ್ನು ಕಲ್ಪಿಸಿದ್ದರು; ಅಲ್ಲಿ ಅದಕ್ಕೆ ಮನ್ನಣೆ ದೊರೆಯಲಿಲ್ಲ. ಮುಂದೆ ಅವರೂ, 1978ರಲ್ಲಿ ಫೋರ್ಡಿನಿಂದ ಹೊರಬಿದ್ದ ಲೀ ಅಯಾಕೊಕಾ ಅವರೂ ಕ್ರೈಸ್ಲರ್ ಕಂಪನಿಯಲ್ಲಿ ಒಂದುಗೂಡಿದರು. ಅಂದು ದಿವಾಳಿಯ ಅಂಚಿನಲ್ಲಿದ್ದ ಆ ಕಂಪನಿಗೆ ಸಾಲದ ಭದ್ರತೆ ನೀಡಲು 1979ರ ಕೊನೆಯಲ್ಲಿ ಅಮೆರಿಕದ ಸಂಸತ್ತು ವಿಶೇಷ ಕಾನೂನನ್ನೇ ಮಾಡಬೇಕಾಯಿತು. 1983ರ ಅಂತ್ಯದಲ್ಲಿ ಕ್ರೈಸ್ಲರ್ ಹೊರತಂದ ಡಾಡ್ಜ್ ಕ್ಯಾರವಾನ್ ಮತ್ತು ಪ್ಲಿಮತ್ ವಾಯೇಜರ್ ಎಂಬ ಅವಳಿ ಮಿನಿವ್ಯಾನ್‌ಗಳು ಅದಕ್ಕೆ ಮರುಜೀವ ನೀಡಿದವು.

ಈ ವಾಹನದ ರಚನೆಯನ್ನು ವಿಜ್ಞಾನ ಶಿಕ್ಷಕರು ಗಮನಿಸತಕ್ಕದ್ದು. ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೇ ಕೊಟ್ಟುದರಿಂದ, ಹಿಂದಿನ ಚಕ್ರದವರೆಗೆ ಹಾಯುವ ದಂಡವು ನೆಲದಡಿಯಲ್ಲಿ ಇರಬೇಕಾಗಲಿಲ್ಲ. ಪರಿಣಾಮವಾಗಿ ನೆಲವು ತಗ್ಗಾಗಿ ಸಮತಟ್ಟಾಯಿತು. ಐದು ವರ್ಷದ ಮಗುವೂ ಯಾರ ಕೈಯನ್ನೂ ಹಿಡಿಯದೆ ಏರಬಹುದಾಯಿತು. ಬಾಗಿಲು ಹೊರಕ್ಕೆ ತೆರೆಯದೆ ಪಕ್ಕಕ್ಕೆ ಸರಿಯುತ್ತಿದ್ದುದರಿಂದ ಇಕ್ಕಟ್ಟಾದ ನಿಲುಗಡೆಯಲ್ಲಿಯೂ ಪಕ್ಕದ ಕಾರಿಗೆ ತಾಗುವ ಭಯವಿರಲಿಲ್ಲ. ಏಳು ಜನರ ಆಸನ. ಹಿಂದಿನ ಆಸನಗಳನ್ನು ಕಳಚಿ ತೆಗೆದರೆ ಸಾಮಾನಿಗೆ ಸ್ಥಳ. ಆದರೂ ಒಟ್ಟು ಎತ್ತರ ಮನೆಯ ಗ್ಯಾರೇಜಿನೊಳಗೆ ಹಿಡಿಸುವಷ್ಟೇ. 1990ರ ದಶಕದಲ್ಲಿ ಹೋಂಡಾ ಕಂಪನಿಯು ಮೂರನೆಯ ಸಾಲಿನ ಆಸನವನ್ನು ನೆಲದೊಳಗಿನ ಗುಂಡಿಗೆ ಮಡಿಸಿಡುವ ವ್ಯವಸ್ಥೆ ಮಾಡಿತು. ಆಸನ ಮೇಲಿದ್ದಾಗ ಅದೇ ಗುಂಡಿಯು ಚೆಂಡುಗಳ ಚೀಲಕ್ಕೂ ಕೆಸರು ಮೆತ್ತಿದ ಬೂಟುಗಳಿಗೂ ಸ್ಥಳವಾಗುತ್ತಿತ್ತು.

1996ರ ಅಧ್ಯಕ್ಷೀಯ ಚುನಾವಣೆಯ ಕಾಲಕ್ಕೆ, ಮಕ್ಕಳನ್ನು ಇಂತಹ ವಾಹನದಲ್ಲಿ ಮೈದಾನಕ್ಕೆ ಒಯ್ಯುವ ಉಪನಗರದ ತಾಯಿಯನ್ನು ‘ಸಾಕರ್ ಮಾಮ್’ ಎಂದು ಕರೆದು, ಆಕೆಯ ಮತವನ್ನು ರಾಜಕೀಯ ಪಂಡಿತರು ಎಣಿಸತೊಡಗಿದರು. 2000ದ ಸುಮಾರಿಗೆ ಮಿನಿವ್ಯಾನ್‌ಗಳ ಮಾರಾಟ ವರ್ಷಕ್ಕೆ 13 ಲಕ್ಷವನ್ನು ದಾಟಿ ಶಿಖರವನ್ನು ಮುಟ್ಟಿತು. ಅನಂತರ ಜನರ ಒಲವು ಎತ್ತರದ ಎಸ್‌ಯುವಿಗಳತ್ತ ಹೊರಳಿತು. ಮೂರು ಸಾಲಿನ ಅನೇಕ ಎಸ್‌ಯುವಿಗಳಲ್ಲಿ ಹಿಂದಿನ ಸಾಲಿನಲ್ಲಿ ಮಕ್ಕಳು ಕುಳಿತರೆ ಚೀಲಗಳಿಗೆ ಸ್ಥಳವೇ ಉಳಿಯದೆಂಬುದು ಕೊಂಡವರಿಗೆ ಆಮೇಲೆ ತಿಳಿಯುವ ಸತ್ಯ.

ಗಳಿಸಿದ್ದು, ಕಳೆದುಕೊಂಡದ್ದು

ಈ ವ್ಯವಸ್ಥೆಯಿಂದ ಒಳಿತಾಗಲಿಲ್ಲವೆಂದು ಹೇಳಲಾಗದು. ಶನಿವಾರದ ಮುಂಜಾನೆ ಎರಡು ಮೂರು ಗಂಟೆಗಳ ಕಾಲ ತಂದೆಯೋ ತಾಯಿಯೋ ಮಗುವಿನೊಡನೆ ಒಂದೇ ವಾಹನದಲ್ಲಿ ಕುಳಿತು ಮಾತನಾಡುತ್ತಾರೆ. ನೆರೆಯ ಮನೆಯವರು ಸರದಿಯ ಮೇಲೆ ಪರಸ್ಪರರ ಮಕ್ಕಳನ್ನು ಕರೆದೊಯ್ಯುತ್ತಾರೆ. ಆದರೆ ವೆಚ್ಚವನ್ನು ನೋಡಿರಿ. ಆಸ್ಪೆನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ 2019ರ ಸಮೀಕ್ಷೆಯಂತೆ ಒಂದು ಮಗುವಿನ ಒಂದು ಕ್ರೀಡೆಗೆ ಕುಟುಂಬವು ವರ್ಷಕ್ಕೆ ಸರಾಸರಿ 693 ಡಾಲರ್ ವ್ಯಯಿಸುತ್ತಿತ್ತು. ಅದರಲ್ಲಿ ಅತ್ಯಂತ ದೊಡ್ಡ ಬಾಬು ಶುಲ್ಕವಲ್ಲ, ಸಲಕರಣೆಯಲ್ಲ, ಪ್ರಯಾಣ: 196 ಡಾಲರ್. 2024ರ ಸಮೀಕ್ಷೆಯಲ್ಲಿ, ಮಗುವಿನ ಮುಖ್ಯ ಕ್ರೀಡೆಯೊಂದಕ್ಕೇ ಆಗುವ ಒಟ್ಟು ವೆಚ್ಚ 1,016 ಡಾಲರಿಗೆ ಏರಿತ್ತು.

ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳೂ ಇಂದು ಇದೇ ಕ್ರಮಕ್ಕೆ ಒಳಪಟ್ಟಿವೆ. ನಮ್ಮ ಉಚಿತ ಪ್ರಸಾದನಿಲಯದಲ್ಲಿದ್ದು ಖೋ-ಖೋ ಆಡಿ ಬೆಳೆದ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ವರ್ಷಗಳ ಹಿಂದೆ ಊರಿಗೆ ಬಂದಾಗ ಈ ಲೇಖಕನೊಡನೆ ಆಡಿದ ಮಾತು ಮರೆಯುವಂಥದ್ದಲ್ಲ. “ಗುರುಗಳೇ, ಅಲ್ಲಿ ನನ್ನ ಮಗನ ತಂಡದಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ. ಹದಿನಾಲ್ಕು ಮನೆಯಲ್ಲೂ ವಾಹನವಿದೆ. ವಾಹನವಿಲ್ಲದ ಮನೆಯ ಮಗುವನ್ನು ನಾನು ಆ ತಂಡದಲ್ಲಿ ಕಂಡೇ ಇಲ್ಲ. ನಮ್ಮಪ್ಪನಿಗೆ ಸೈಕಲ್ಲೂ ಇರಲಿಲ್ಲ. ನಾನು ಅಲ್ಲಿ ಹುಟ್ಟಿದ್ದರೆ ಆಡುತ್ತಲೇ ಇರಲಿಲ್ಲ” ಎಂದರು.

ಸುರಕ್ಷತೆಯ ಪಾಠ

ಒಂದು ವಿಷಯದಲ್ಲಿ ಮಾತ್ರ ಅಮೆರಿಕದ ಅನುಭವವು ನಮಗೆ ನೇರವಾಗಿ ಉಪಯುಕ್ತ. 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿಯ ನಿಲ್ಸ್ ಬೊಹ್ಲಿನ್ ಅವರು ರೂಪಿಸಿದ, ಭುಜ ಮತ್ತು ಸೊಂಟವನ್ನು ಒಟ್ಟಿಗೆ ಹಿಡಿದಿಡುವ ಬೆಲ್ಟು ಇಂದು ಎಲ್ಲ ಕಾರುಗಳಲ್ಲಿಯೂ ಇದೆ. ಆದರೆ ಅದು ವಯಸ್ಕರ ಅಳತೆಯದು. ಚಿಕ್ಕ ಮಗುವಿನಲ್ಲಿ ಅದು ಕತ್ತಿಗೂ ಹೊಟ್ಟೆಗೂ ಬೀಳುತ್ತದೆ. ಆದುದರಿಂದ ಮಗು ಸುಮಾರು 145 ಸೆಂಟಿಮೀಟರ್ ಎತ್ತರವಾಗುವವರೆಗೆ ಅದನ್ನು ಎತ್ತರಿಸಿ ಕೂರಿಸುವ ಪೀಠ ಆವಶ್ಯಕ. ಮಕ್ಕಳ ಪ್ರಯಾಣ ಸುರಕ್ಷತೆಗಾಗಿ 1978ರಲ್ಲಿ ಟೆನೆಸ್ಸಿ ರಾಜ್ಯದಲ್ಲಿ ಜಾರಿಗೆ ಬಂದ ಕಾನೂನನ್ನು 1985ರ ವೇಳೆಗೆ ಅಲ್ಲಿನ ಎಲ್ಲ ರಾಜ್ಯಗಳೂ ಅನುಸರಿಸಿದವು.

ಎರಡನೆಯ ಪಾಠ ಹದಿನೈದು ಆಸನದ ದೊಡ್ಡ ವ್ಯಾನಿನದು. 2001ರಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯು ಒಂದು ಎಚ್ಚರಿಕೆ ನೀಡಿತು: ಇಂತಹ ವ್ಯಾನಿನಲ್ಲಿ ಹತ್ತು ಅಥವಾ ಹೆಚ್ಚು ಜನರಿದ್ದಾಗ, ಅನ್ಯ ವಾಹನಕ್ಕೆ ಡಿಕ್ಕಿಯಾಗದೆ ಸಂಭವಿಸುವ ಅಪಘಾತಗಳಲ್ಲಿ ಅದು ಉರುಳುವ ಪ್ರಮಾಣ, ಕಡಿಮೆ ಜನರಿದ್ದಾಗಿನದಕ್ಕಿಂತ ಸುಮಾರು ಮೂರು ಪಟ್ಟು. ಜನ ತುಂಬಿದಷ್ಟೂ ಗುರುತ್ವಕೇಂದ್ರವು ಮೇಲಕ್ಕೂ ಹಿಂದಕ್ಕೂ ಸರಿಯುವುದೇ ಇದಕ್ಕೆ ಕಾರಣ. ಮಾಡಿನ ಮೇಲೆ ಸಾಮಾನು ಹೇರಿದರಂತೂ ಅದು ಮತ್ತಷ್ಟು ಮೇಲೇರುತ್ತದೆ. ಜಮಖಾನೆ, ಪಾತ್ರೆ, ಚೀಲಗಳನ್ನು ಮೇಲೆ ಕಟ್ಟಿ, ಒಳಗೆ ಮಕ್ಕಳನ್ನು ಒತ್ತೊತ್ತಾಗಿ ಕೂರಿಸಿ ಜಿಲ್ಲಾಕೇಂದ್ರಕ್ಕೆ ಹೊರಡುವ ನಮ್ಮ ವಾಹನಗಳನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನಾಡಿನ ಸ್ಥಿತಿ

ನಮ್ಮಲ್ಲಿ ಶಾಲಾ ಕ್ರೀಡೆಯು ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಏರುತ್ತದೆ. ಪ್ರತಿ ಮೆಟ್ಟಿಲಿಗೂ ದಾರಿ ಉದ್ದವಾಗುತ್ತದೆ. ಬಹುಪಾಲು ಮನೆಗಳಲ್ಲಿ ಕುಟುಂಬದ ವಾಹನವೆಂದರೆ ಇಂದಿಗೂ ದ್ವಿಚಕ್ರವೇ. 1984ರಲ್ಲಿ ಬಂದ ಮಾರುತಿ ವ್ಯಾನು, 1994ರ ಟಾಟಾ ಸುಮೊ, 2000ದ ಕ್ವಾಲಿಸ್, 2005ರ ಇನ್ನೋವಾಗಳು ಕ್ರಮೇಣ ಉಳ್ಳವರ ಮನೆಯಂಗಳವನ್ನು ಸೇರಿದವು. ನಗರಗಳಲ್ಲಿ ಖಾಸಗಿ ತರಬೇತಿ ಕೇಂದ್ರಗಳಿಗೆ ಮಕ್ಕಳನ್ನು ಕಾರಿನಲ್ಲಿ ಒಯ್ಯುವ ರೂಢಿಯೂ ಬೆಳೆಯುತ್ತಿದೆ. ಅಮೆರಿಕ ನಡೆದ ದಾರಿಯ ಮೊದಲ ಮೈಲಿಗಲ್ಲಿನಲ್ಲಿ ನಾವು ನಿಂತಿದ್ದೇವೆ.

ಇಲ್ಲಿ ಈ ಲೇಖಕನು ತನ್ನದೊಂದು ತಪ್ಪನ್ನು ಒಪ್ಪಿಕೊಳ್ಳುವುದು ಉಚಿತ. ಒಂದು ವರ್ಷ ನಮ್ಮ ಹನ್ನೆರಡು ಮಂದಿಯ ಖೋ-ಖೋ ತಂಡವು ಜಿಲ್ಲಾಮಟ್ಟಕ್ಕೆ ಆಯ್ಕೆಯಾಯಿತು. ಗೊತ್ತುಪಡಿಸಿದ ವಾಹನ ಬರಲಿಲ್ಲ. ಇಬ್ಬರು ಪೋಷಕರು ಔದಾರ್ಯದಿಂದ ತಮ್ಮ ವಾಹನಗಳನ್ನು ಕಳುಹಿಸಿಕೊಟ್ಟರು. ಹತ್ತು ಮಕ್ಕಳು ಹಿಡಿಸಿದರು. ವಾಹನ ಕೊಟ್ಟವರ ಮಕ್ಕಳನ್ನು ಇಳಿಸುವಂತಿರಲಿಲ್ಲ. ಇಳಿದವರು ಬೇರೆಯವರ ಮಕ್ಕಳು. ಸಂಜೆ ಪದಕದೊಂದಿಗೆ ಹಿಂತಿರುಗಿದಾಗ ಆ ಇಬ್ಬರು ಹುಡುಗರು ಸಮವಸ್ತ್ರವನ್ನು ಕಳಚದೆ ಮಹಾದ್ವಾರದ ಬಳಿಯೇ ಕಾದಿದ್ದರು. ಅವರು ಏನನ್ನೂ ಕೇಳಲಿಲ್ಲ. ಬೆಳಗ್ಗೆ ಬಸ್ ನಿಲ್ದಾಣ ಕೇವಲ ಅರ್ಧ ಮೈಲಿ ದೂರದಲ್ಲಿತ್ತೆಂಬುದು ನನಗೆ ಆಗ ಹೊಳೆಯಿತು.

ಮಾಡತಕ್ಕದ್ದೇನು?

ಮೊದಲನೆಯದಾಗಿ, ವಾಹನದಲ್ಲಿ ಒಂದು ಮಗುವಿಗೆ ಸ್ಥಳವಿಲ್ಲವೆಂದಾದರೆ ಇಡೀ ತಂಡವೇ ಬಸ್ಸಿನಲ್ಲಿ ಹೋಗತಕ್ಕದ್ದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಬಾಲಕಿಯರಿಗೆ ಉಚಿತ ಪ್ರಯಾಣವನ್ನು ತೆರೆಯಿತು. ಬಾಲಕಿಯರ ತಂಡ ಕಟ್ಟಲು ಹಿಂಜರಿಯುತ್ತಿದ್ದ ಶಾಲೆಗಳಿಗೆ ಇದು ಸಣ್ಣ ಅನುಕೂಲವೇನಲ್ಲ.

ಎರಡನೆಯದಾಗಿ, ಒಂದು ಮಗು, ಒಂದು ಆಸನ, ಒಂದು ಬೆಲ್ಟು ಎಂಬ ಲೆಕ್ಕ ತಪ್ಪಬಾರದು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು 14 ವರ್ಷ ತುಂಬದ ಮಗುವನ್ನು ಬೆಲ್ಟು ಅಥವಾ ರಕ್ಷಣಾ ಸಾಧನವಿಲ್ಲದೆ ಒಯ್ಯುವವರಿಗೆ 1,000 ರೂಪಾಯಿ ದಂಡವನ್ನು ವಿಧಿಸಿದೆ. ದ್ವಿಚಕ್ರದಲ್ಲಿ 4 ವರ್ಷ ಮೀರಿದ ಎಲ್ಲರಿಗೂ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿದೆ. ದಂಡಕ್ಕೆ ಅಂಜಿ ಪಾಲಿಸುವ ನಿಯಮ ಇದಾಗದಿರಲಿ.

ಮೂರನೆಯದಾಗಿ, ದಿನವಿಡೀ ಬಿಸಿಲಿನಲ್ಲಿ ನಿಂತ ಶಿಕ್ಷಕರೋ ಪೋಷಕರೋ ರಾತ್ರಿ ವಾಹನ ನಡೆಸಬಾರದು. ದೂರದ ಊರಾದರೆ ಅಲ್ಲಿಯ ಮಠದಲ್ಲಿಯೋ ಪ್ರಸಾದನಿಲಯದಲ್ಲಿಯೋ ಆ ರಾತ್ರಿ ತಂಗಿ, ಬೆಳಗ್ಗೆ ಹೊರಡುವುದು ಲೇಸು.

ನಾಲ್ಕನೆಯದಾಗಿ, ಖಾಸಗಿ ನೋಂದಣಿಯ ವಾಹನದಲ್ಲಿ ಬಾಡಿಗೆ ಪಡೆದು ಜನರನ್ನು ಒಯ್ಯಲು ಕಾನೂನು ಸಮ್ಮತಿಸುವುದಿಲ್ಲ. ಆದುದರಿಂದ ಹಳೆಯ ವಿದ್ಯಾರ್ಥಿಗಳು ತಮ್ಮ ವಾಹನವನ್ನು ನೀಡುವುದಾದರೆ ಅದು ಸೇವೆಯಾಗಿಯೇ ಇರಬೇಕು. ಯಾರ ವಾಹನ, ಎಷ್ಟು ಆಸನ, ಯಾವ ದಿನ ಎಂಬುದನ್ನು ಶಾಲೆಯ ದಾಖಲೆ ಪುಸ್ತಕದಲ್ಲಿ ಮೊದಲೇ ಬರೆದಿಡಬೇಕು. ಮಕ್ಕಳ ಹಂಚಿಕೆಯನ್ನು ಶಿಕ್ಷಕರೇ ಮಾಡಬೇಕು, ವಾಹನದ ಒಡೆಯರಲ್ಲ.

ತುಮಕೂರು ಸಿದ್ಧಗಂಗೆಯ ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907-2019) ನಡೆಸಿಕೊಂಡು ಬಂದ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವು ನಮ್ಮ ಮಠಗಳ ಶಾಲೆಗಳಿಗೆಲ್ಲ ಆದರ್ಶ. ದಾಸೋಹದ ಪಂಕ್ತಿಯಲ್ಲಿ ಕುಳಿತ ಮಗುವನ್ನು ನಿನ್ನ ತಂದೆ ಏನು ತಂದನೆಂದು ಯಾರೂ ಕೇಳುವುದಿಲ್ಲ. ಮೈದಾನಕ್ಕೆ ಹೊರಟ ಮಗುವನ್ನೂ ನಿನ್ನ ಮನೆಯಲ್ಲಿ ಯಾವ ವಾಹನವಿದೆಯೆಂದು ಯಾರೂ ಕೇಳದಿರಲಿ. ದಾನಿಗಳು ಕಟ್ಟಡಕ್ಕೂ ಗ್ರಂಥಾಲಯಕ್ಕೂ ಉದಾರವಾಗಿ ನೀಡಿದ್ದಾರೆ. ಮಕ್ಕಳ ಪ್ರಯಾಣಕ್ಕೆಂದೇ ಒಂದು ಚಿಕ್ಕ ನಿಧಿಯನ್ನು ಸ್ಥಾಪಿಸಿದರೆ, ಮುಂದಿನ ಕ್ರೀಡಾಕೂಟದ ಬೆಳಗಿನಲ್ಲಿ ಮಹಾದ್ವಾರದ ಬಳಿ ಸಾಲಾಗಿ ನಿಂತ ಮಕ್ಕಳಲ್ಲಿ ಒಬ್ಬರೂ ಹಿಂದುಳಿಯದಂತೆ ನೋಡಿಕೊಳ್ಳಬಹುದು.